ನೀಲಿಯ ಪಿನ್

ಧಾರವಾಡದ ನಮ್ಮ ಲಗ್ನಪತ್ರಿಕೆ ಅಂಗಡಿಯ ಹಳೆಯ ಮಾನಿಟರ್‌ನಲ್ಲಿ ಒಂದು ಮುಂಜಾನೆ ಬಿಳಿಯೆಲ್ಲ ಹಳದಿಯಾಗಿ ಕಂಡಿತು. ಮಾನಿಟರ್ ಕೆಟ್ಟಿತೆಂದೇ ತಿಳಿದು ಕಮರಿಪೇಟೆಯ ಮೆಕ್ಯಾನಿಕ್ ಚಾಚಾರನ್ನು ಕರೆಸಿದೆ. ಅವರು ಮಾನಿಟರ್ ಬಿಟ್ಟು ಕೇಬಲ್ ಬಿಚ್ಚಿ, ಬಾಗಿದ್ದ ಒಂದು ಪಿನ್ ತೋರಿಸಿದರು.

“ಕೆಂಪು, ಹಸಿರು, ನೀಲಿ ಬ್ಯಾರೆ ಬ್ಯಾರೆ ಪಿನ್ನಿನಾಗ ಬರ್ತಾವ್ರಿ. ನೀಲೀದು ಬಾಗೈತಿ, ನೋಡ್ರಿ. ಉಳಿದ ಕೆಂಪು, ಹಸಿರು ಬೆಳಕು ಕೂಡಿದ್ರ ಹಳದಿ ಆಗ್ತೈತಿ.”

ಕೆಂಪು, ಹಸಿರು ಕೂಡಿದರೆ ಹಳದಿಯೇ? ನಾನು ನಂಬಲಿಲ್ಲ. ಅವರು ಸೂಜಿಯಿಂದ ಪಿನ್ ನೆಟ್ಟಗೆ ಮಾಡಿ ಕೇಬಲ್ ಸಿಕ್ಕಿಸಿದರು. ಪರದೆ ಹಾಲಿನಷ್ಟು ಬೆಳ್ಳಗಾಯಿತು! ನಾನು ಬೆರಗಾಗಿ ನೋಡುತ್ತಿರುವಾಗಲೇ, ಮುಂಜಾನೆ ಇದೇ ಪರದೆಯಲ್ಲಿ ನೋಡಿ ಪತ್ರಿಕೆ ಆರಿಸಿ ಹೋಗಿದ್ದ ಮದುಮಗಳ ತಂದೆ ಮತ್ತೆ ಬಂದರು.

“ನಾ ಆರಿಸಿದ್ದ ಅರಿಷಿಣ ಬಣ್ಣದ್ದು ಎಲ್ಲೈತ್ರಿ?”

ಅವರು ಆರಿಸಿದ್ದು ಪರದೆಯ ಮೇಲಿದ್ದ ಈ ಬಿಳಿ ಪತ್ರಿಕೆಯನ್ನೇ. ಚಾಚಾ ಸೂಜಿಯನ್ನು ಇನ್ನೂ ಹಿಡಿದೇ ಇದ್ದರು.

“ಮತ್ತ ಬಾಗಿಸ್ಲೇನ್ರಿ?”