ಕದದ ಸಂದಿಯ ನವಿಲು

ನವಲಗುಂದದ ನಮ್ಮ ಮನೆತನದಲ್ಲಿ ಜಮಖಾನೆ ನೇಯುವುದನ್ನು ಸೊಸೆಯಂದಿರಿಗೆ ಮಾತ್ರ ಕಲಿಸುತ್ತಾರೆ. ಹೆಣ್ಣುಮಕ್ಕಳಿಗಿಲ್ಲ, ಮದುವೆಯಾಗಿ ಹೋದ ಮನೆಗೆ ವಿದ್ಯೆ ಹೊತ್ತುಕೊಂಡು ಹೋಗುತ್ತಾರಂತೆ. ಅವ್ವನಿಗೆ ನಾವಿಬ್ಬರೂ ಹೆಣ್ಣೇ. ಸೊಸೆ ಎಲ್ಲಿಂದ ಬರಬೇಕು, ಆಕಾಶದಿಂದ ಉದುರಬೇಕೆ? ನಾನಂತೂ ಮದುವೆಯೇ ಆಗದೆ, ಊರಿನ ಶಾಲೆಯಲ್ಲಿ ಪಾಠ ಹೇಳಿಕೊಂಡು ಅವ್ವನ ಜೊತೆಗೇ ಇದ್ದೇನೆ. ಆದರೂ ಮಗ್ಗದ ಮುಂದೆ ಕೂತರೆ ಆಕೆ ಕೋಣೆಯ ಕದ ಎಳೆದುಕೊಳ್ಳುತ್ತಿದ್ದಳು. ಕಲಿಸು ಎಂದು ಕೇಳಿ ಕೇಳಿ ನನ್ನ ಬಾಯಿ ಸೋತಿತ್ತು. ಆಕೆಯ ಕಣ್ಣು ಮಂಜಾಗುತ್ತ ಬಂದಂತೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಆಕೆಯ ಕೈ ನಿಂತ ದಿನ ನಮ್ಮ ಮನೆಯ ನೇಯ್ಗೆಯೂ ಮುಗಿದ ಹಾಗೆಯೇ.

ಹೋದ ವರ್ಷ ತಂಗಿಯ ಬಾಣಂತನಕ್ಕೆಂದು ಅವ್ವ, ನಾನು ಇಬ್ಬರೂ ಹುಬ್ಬಳ್ಳಿಯಿಂದ ವಿಮಾನ ಹತ್ತಬೇಕಾಯಿತು. ತಪಾಸಣೆ ಮುಗಿಸಿ ಒಳಗೆ ಕಾಲಿಟ್ಟರೆ, ಎದುರಿನ ಗೋಡೆಯ ತುಂಬ ನಮ್ಮೂರಿನ ಜಮಖಾನೆ! ನಡುವೆ ಪಗಡೆಯ ಹಾಸು, ಅಂಚಿಗೆ ಸಾಲು ನವಿಲು. ಅವ್ವ ಚಪ್ಪಲಿ ಬಿಟ್ಟು ಅದರ ಮುಂದೆ ನಿಂತಳು.

"ಅಲ್ಲಾ, ಕೂಡಾಕ ಹಾಸೂದನ್ನ ಗ್ವಾಡಿಗೆ ಏರಿಸ್ಯಾರಲ್ಲ!"

ಬೈಯುತ್ತಲೇ ಮುಖ ಅರಳಿತ್ತು. ಚೀಲ ಎಳೆದುಕೊಂಡು ಹೊರಟವರೂ ನಿಂತು ನೋಡುತ್ತಿದ್ದರು. ಒಬ್ಬಾಕೆ "ಎಷ್ಟ ಚಂದ ಐತ್ರಿ" ಎಂದಾಗ, ತಾನೇ ನೇಯ್ದವಳ ಹಾಗೆ ಅವ್ವ "ಹೌದ್ರಿ" ಎಂದಳು. ನಾನೂ ಕಣ್ತುಂಬ ನೋಡಿದೆ. ಯಾರ ಹೆದರಿಕೆಯೂ ಇಲ್ಲದೆ ಎಳೆ ಎಳೆ ಎಣಿಸಿದ್ದು ಅದೇ ಮೊದಲು. ಆ ಖುಷಿಯಲ್ಲಿ ಬಾಯಿ ಜಾರಿತು.

"ಇಲ್ಲಿ ನೋಡಬೇ, ಕಡೀ ನವಿಲಿನ ಕುತ್ತಿಗ್ಯಾಗ ಹಸರು ಎರಡ ಸಾಲು ಕಮ್ಮಿ ಬಿದ್ದೈತಿ."

ಅವ್ವ ಕನ್ನಡಕ ಒರೆಸಿಕೊಂಡು ಎಣಿಸಿದಳು, ಎರಡು ಸಲ. "ನನಗ ಕಾಣಲೇ ಇಲ್ಲ" ಎಂದವಳು ಥಟ್ಟನೆ ನನ್ನತ್ತ ತಿರುಗಿದಳು. "ಯಾರ ಹೇಳಿಕೊಟ್ರಲೇ ನಿನಗ?"

"ಕದದ ಸಂದಿ" ಎಂದೆ. ಚಿಕ್ಕವಳಿದ್ದಾಗಿನಿಂದ ಕದ್ದು ನೋಡಿದ್ದೆಲ್ಲ ಹೊರಬಿತ್ತು. ಅಷ್ಟು ಜನರೆದುರು ಬೈಸಿಕೊಳ್ಳಲು ತಯಾರಾಗಿ ನಿಂತೆ.

ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮತ್ತೊಮ್ಮೆ ಗೋಡೆ ನೋಡಿದಳು. "ಹೋಗೂ ಬರೂ ಮಂದಿಗೆಲ್ಲಾ ತೋರ್ಸ್ಯಾರ ಇವರು. ನಾ ಹೆತ್ತ ಮಗಳ ಮುಂದ ಕದಾ ಹಾಕ್ಕೊಂಡು ಕುಂತೆ. ಎಂಥಾ ಹುಚ್ಚಿ ನಾ."

ವಿಮಾನದ ಸಾಲಿನಲ್ಲಿ ನಿಂತಾಗ ನನ್ನ ಕೈ ಹಿಡಿದು, ಬೆರಳು ಒಂದೊಂದೇ ಮಡಚಿ ಬಿಡಿಸಿ ನೋಡಿದಳು.

"ಊರಿಗೆ ಹೋದ ಕೂಡ್ಲೇ ಈ ಉಗುರು ತಕ್ಕೋ. ನೂಲಿಗೆ ಸಿಕ್ಕೊಂತಾವ."