ತವರುಮನಿ ಮ್ಯಾಚು

ನಾನು ಅಮೆರಿಕದ ಹ್ಯೂಸ್ಟನ್ನಿಗೆ ಬಂದಿಳಿದ ಮೊದಲ ಭಾನುವಾರ ನನ್ನ ಗಂಡ ಡಾಕ್ಟರರ ಬಿಳಿ ಕೋಟು ತೊಟ್ಟು, ತಲೆಗೊಂದು ಬಿಳಿ ಹ್ಯಾಟು ಇಟ್ಟುಕೊಂಡು, ಬಯಲಿನಲ್ಲಿ ನೆಟ್ಟ ನಾಲ್ಕು ಕಂಬಗಳ ನಡುವೆ ನಿಂತಿದ್ದರು. ಅವರು ಡಾಕ್ಟರಲ್ಲ. ಭೂಗರ್ಭಶಾಸ್ತ್ರ ಓದಿ, ನೆಲದೊಳಗಿನ ಕಲ್ಲುಮಣ್ಣಿನ ಜಾತಕ ಹೇಳುವ ಕೆಲಸದವರು. ಮೈದಾನ ಮೊಟ್ಟೆಯ ಆಕಾರ, ಚೆಂಡೂ ಮೊಟ್ಟೆಯ ಆಕಾರ. ಅದರ ಹಿಂದೆ ತೋಳಿಲ್ಲದ ಬನಿಯನ್ ತೊಟ್ಟ ಗಂಡಸರ ಹಿಂಡು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಹಾರುತ್ತಿತ್ತು. ಚೆಂಡು ನಡುವಿನ ಎರಡು ಕಂಬಗಳನ್ನು ದಾಟಿದ್ದೇ ತಡ, ಇವರು ಎರಡೂ ತೋರುಬೆರಳನ್ನು ಪಿಸ್ತೂಲಿನ ಹಾಗೆ ಮುಂದೆ ಚಾಚಿದರು. ಆಮೇಲೆ ಎರಡು ಬಿಳಿ ಬಾವುಟ ಎತ್ತಿ ನನ್ನ ಕಡೆಗೇ ಬೀಸತೊಡಗಿದರು.

ಅದಕ್ಕೂ ಮೊದಲು ವರ್ಷಗಟ್ಟಲೆ ಅವರು ಆಸ್ಟ್ರೇಲಿಯದ ಪರ್ತ್ ಊರಿನ ಕಡೆಯ ಗಣಿಗಳಲ್ಲಿ, ನಾನು ಧಾರವಾಡದಲ್ಲಿ ಅತ್ತೆ ಮತ್ತು ಮಗಳ ಜೊತೆ. ಹ್ಯೂಸ್ಟನ್ನಿನಲ್ಲಿ ಕೆಲಸ ಸಿಕ್ಕ ಮೇಲೆ ನನ್ನನ್ನೂ ಮಗಳನ್ನೂ ಕರೆಸಿಕೊಂಡಿದ್ದರು. ವರ್ಷಕ್ಕೊಮ್ಮೆ ಮುಖ ನೋಡುತ್ತಿದ್ದ ಹೆಂಡತಿಯನ್ನು ಜನರೆದುರು ಹೀಗೆ ಕರೆಯುತ್ತಿದ್ದಾರಲ್ಲ ಎಂದು ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಕುರ್ಚಿಯಿಂದ ಎದ್ದು ಎರಡೂ ಕೈ ಎತ್ತಿ ಬೀಸಿದೆ. ಸುತ್ತ ಕೂತವರೆಲ್ಲ ನಕ್ಕರು.

"ಯಾಕ ಕೈ ಬೀಸಿದಿ?" ಎಂದು ಆಟ ಮುಗಿದ ಮೇಲೆ ಇವರು ಕೇಳಿದರು.

"ನೀವ ಬೀಸಿದ್ರಲ್ರೀ."

"ಅದು ನಿನಗಲ್ಲ, ಆ ತುದಿಗೆ ನಿಂತಾಂವಗ. ಇಲ್ಲೆ ಗೋಲ್ ಆತು ಅಂತ ನಾ ಬೀಸಬೇಕು, ಅಲ್ಲಿಂದ ಅಂವಾ ತಿರುಗಿ ಬೀಸಬೇಕು. ಆವಾಗ ಲೆಕ್ಕಕ್ಕ ಬಂತು ಅಂತ."

"ಹಂಗಾದ್ರ ನಾ ಬೀಸಿದ್ದು?"

"ನಿಂದೂ ಲೆಕ್ಕಕ್ಕ ಹಿಡದೇನಿ, ತಗೋ."

ಅಂದಿನಿಂದ ಅದು ನಮ್ಮಿಬ್ಬರ ಆಟವಾಯಿತು. ಇವರು ಯಾವ ಮೈದಾನದಲ್ಲಿ ಬಾವುಟ ಎತ್ತಿದರೂ ಬೌಂಡರಿಯ ಆಚೆ ಮಡಚುವ ಕುರ್ಚಿಯಲ್ಲಿ ಕೂತ ನಾನು ಕೈ ಬೀಸುತ್ತಿದ್ದೆ. ಆಸ್ಟ್ರೇಲಿಯದವರ ಈ ಫುಟ್‌ಬಾಲ್ ಆಟ ಮಾತ್ರ ಬಹಳ ದಿನ ತಿಳಿಯಲಿಲ್ಲ. ನಡುವಿನ ಕಂಬಗಳ ನಡುವೆ ಒದ್ದರೆ ಆರು ಅಂಕ, ತಪ್ಪಿ ಪಕ್ಕದಲ್ಲಿ ಹೋದರೂ ಒಂದು ಅಂಕ, ಒಂದೇ ಬಾವುಟ. ತಪ್ಪಿದ್ದಕ್ಕೂ ಅಂಕ ಕೊಡುವ ಪುಣ್ಯವಂತರು ನಮ್ಮ ಕಡೆಯ ಶಾಲೆಗಳಲ್ಲಿ ಇದ್ದಿದ್ದರೆ ನಾನೂ ಗಣಿತದಲ್ಲಿ ಒಂದೇ ಸಲಕ್ಕೆ ಪಾಸಾಗುತ್ತಿದ್ದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹ್ಯೂಸ್ಟನ್ನಿಗೂ ಹೊಂದಿಕೊಂಡೆ. ಧಾರವಾಡದ ಗಾಳಿ ಉಂಡು ಬೆಳೆದವಳಿಗೆ ಅಲ್ಲಿಯ ಬೇಸಿಗೆ ಒದ್ದೆ ಕಂಬಳಿ ಹೊದ್ದ ಹಾಗೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸೀರೆ ಒಣಹಾಕಿದ್ದಕ್ಕೆ ಮ್ಯಾನೇಜರಮ್ಮ ಬಂದು ಬಾಗಿಲು ತಟ್ಟಿದಳು. ಅಲ್ಲಿಯವರು ಎದುರಿಗಿದ್ದವರನ್ನೆಲ್ಲ ಸೇರಿಸಿ "ಯಾಲ್" ಅನ್ನುತ್ತಾರೆ, ನಮ್ಮ "ನೀವೆಲ್ಲಾ" ಇದ್ದಂತೆ. ನನ್ನ ನಾಲಿಗೆಗೆ ಮೊದಲು ಒಗ್ಗಿದ ಟೆಕ್ಸಾಸ್ ಮಾತು ಅದು. ನಮ್ಮ ದೇಶದವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ರಸ್ತೆಯ ಗಾಂಧಿ ಡಿಸ್ಟ್ರಿಕ್ಟಿನಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ಹಬ್ಬ. ಹಳೆಯ ಹಿಟ್ಟು, ಬಡಿದರೆ ರೊಟ್ಟಿ ಚೂರು ಚೂರಾಗುತ್ತಿತ್ತು. "ಮುರದರೇನಾತು, ಹೊಟ್ಟ್ಯಾಗ ಹೋಗಿ ಕೂಡ್ತದ," ಎಂದು ಇವರು ಚೂರುಗಳನ್ನೇ ಎಣ್ಣೆಗಾಯಿಗೆ ಹಚ್ಚಿ ತಿನ್ನುತ್ತಿದ್ದರು.

ಆ ಚೂರುರೊಟ್ಟಿ ತಿನ್ನಲು ಬರುತ್ತಿದ್ದ ಇನ್ನೊಬ್ಬ ಕೆವಿನ್. ಪರ್ತ್ ಊರಿನವನು, ಹ್ಯೂಸ್ಟನ್ ತಂಡ ಕಟ್ಟಿದವನು. ಇವರ ಹೆಸರು ವಸಂತ ಗರಗ. ಕೆವಿನ್ ಬಾಯಲ್ಲಿ ಅದು "ಗ್ಯಾಝಾ" ಆಗಿತ್ತು. ಅವನಿಗೆ ಒಂದೇ ಸಂಕಟ, ಊಟದ ನಡುವೆ ಅದನ್ನೇ ಹೇಳುತ್ತಿದ್ದ. ಅವನ ದೇಶದಲ್ಲಿ ರಾಜ್ಯ ರಾಜ್ಯಗಳ ನಡುವೆ ಈ ಆಟ ನೂರು ವರ್ಷಕ್ಕೂ ಮೇಲಿನದು. ಆದರೆ ಶ್ರೀಮಂತ ಕ್ಲಬ್ಬುಗಳೆಲ್ಲ ವಿಕ್ಟೋರಿಯ ರಾಜ್ಯದಲ್ಲಿ. ಪಶ್ಚಿಮದ, ದಕ್ಷಿಣದ, ಟಾಸ್ಮೇನಿಯ ದ್ವೀಪದ ಒಳ್ಳೆಯ ಹುಡುಗರನ್ನು ಅವು ಕರೆಸಿಕೊಳ್ಳುತ್ತಿದ್ದವು. ರಾಜ್ಯಗಳ ಪಂದ್ಯ ಬಂದಾಗ ಅದೇ ಹುಡುಗರು ವಿಕ್ಟೋರಿಯದ ಬನಿಯನ್ ತೊಟ್ಟು ತಮ್ಮ ಊರನ್ನೇ ಸೋಲಿಸುತ್ತಿದ್ದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಿಯಮ ಬದಲಾಯಿತು: ಈಗ ಎಲ್ಲಿದ್ದೀಯ ಎಂಬುದು ಬೇಡ, ಮೊದಲು ಎಲ್ಲಿ ಆಡಿದೆಯೋ ಆ ರಾಜ್ಯಕ್ಕೇ ಆಡು. ಹಾಗೆ ಆಡಿದ ಮೊದಲ ಪಂದ್ಯದಲ್ಲಿ ಪಶ್ಚಿಮದವರು ವಿಕ್ಟೋರಿಯವನ್ನು ಹಿಗ್ಗಾಮುಗ್ಗಾ ಬಡಿದರು. ಕೆವಿನ್ ತನ್ನ ಅಪ್ಪನ ಪಕ್ಕದಲ್ಲಿ ಕೂತು ಅದನ್ನು ನೋಡಿದ್ದನಂತೆ. ಅಪ್ಪ ಅತ್ತದ್ದನ್ನು ಅವನು ಕಂಡದ್ದು ಅದೊಂದೇ ಸಲ.

"ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರಲ್ರೀ, ಹಂಗ ಇತ್ತು ಅವರ ಬಾಳೇವು," ಎಂದೆ ನಾನು. "ಈ ನಿಯಮ ಬಂದಮ್ಯಾಲೆ ವರ್ಷಕ್ಕೊಮ್ಮೆ ತವರಿಗೆ ಬಂದಂಗ. ಇದು ತವರುಮನಿ ಮ್ಯಾಚು."

ಇವರು ನಗುತ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಕೆವಿನ್ ನಗಲಿಲ್ಲ. ನಿಮ್ಮ ಹೆಂಗಸರಿಗೆ ಆ ನಿಯಮ ಯಾವಾಗ ಬರುತ್ತದೆ ಎಂದು ಕೇಳಿದ. ಇವರು ನನ್ನ ಕಡೆ ತಿರುಗಿ ಇನ್ನೊಂದು ರೊಟ್ಟಿ ಬಡಿಸು ಎಂದರು.

ಆ ಪಂದ್ಯಗಳ ಮೆಡಲ್‌ಗಳ ಕಥೆಯನ್ನೂ ಕೆವಿನ್ ದೇವರ ಕಥೆಯಂತೆ ಹೇಳುತ್ತಿದ್ದ. ಚೆನ್ನಾಗಿ ಆಡಿದವನಿಗೆ ಪ್ರತಿ ರಾಜ್ಯದ್ದೂ ಒಂದೊಂದು ಮೆಡಲ್. ಕೆಲವಕ್ಕೆ ಹಳೆಯ ಆಟಗಾರರ ಹೆಸರು, ಪಶ್ಚಿಮದ್ದಕ್ಕೆ ಅದನ್ನು ಕೊಟ್ಟ ಡಾಕ್ಟರೊಬ್ಬರ ಹೆಸರು. ಎಲ್ಲ ರಾಜ್ಯಗಳೂ ಒಂದೆಡೆ ಸೇರಿ ಆಡುವ ದೊಡ್ಡ ಕೂಟಕ್ಕೆ ಬೇರೆಯದೇ ಮೆಡಲ್. ತೊಂಬತ್ತರ ದಶಕದ ಕೊನೆಗೆ ಎಲ್ಲ ನಿಂತುಹೋಯಿತು. ಆಟಗಾರನ ಕಾಲು ಉಳುಕಿದರೆ ನಮಗೆ ನಷ್ಟ ಎಂದು ಕ್ಲಬ್ಬುಗಳು ಹುಡುಗರನ್ನು ಬಿಟ್ಟುಕೊಡಲಿಲ್ಲ. ಸಣ್ಣ ಲೀಗುಗಳವರು ಆಡುತ್ತಾರೆ, ಮುದುಕರಾದ ಆಟಗಾರರು ದಾನದ ಹೆಸರಿನಲ್ಲಿ ಒಂದು ಪಂದ್ಯ ಆಡುತ್ತಾರೆ, ಅಷ್ಟೇ.

ಸತ್ತದ್ದನ್ನು ಕೆವಿನ್ ಟೆಕ್ಸಾಸಿನಲ್ಲಿ ಬದುಕಿಸಹೊರಟಿದ್ದ. ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಲ್ಲಿ ಈ ಆಟದ ಹುಚ್ಚರಿದ್ದರು. ವರ್ಷಕ್ಕೊಂದು ಭಾನುವಾರ ತವರಿನ ನಿಯಮ: ಆಟ ಯಾವ ಊರಲ್ಲಿ ಕಲಿತೆಯೋ ಆ ಊರಿಗೆ ಆಡಬೇಕು. ಆಸ್ಟ್ರೇಲಿಯದಲ್ಲಿ ಕಲಿತವರಿಗೆ ಇಲ್ಲಿ ಊರಿಲ್ಲ, ಅವರು ಅಂದು ನೀರು ಹೊರಬೇಕು, ಇಲ್ಲವೇ ಅಂಪೈರ್ ಆಗಬೇಕು. ಇವರು ಕಲಿತದ್ದು ಪರ್ತ್‌ನಲ್ಲಿ. ಹಾಗಾಗಿ ಧಾರವಾಡ ಜಿಲ್ಲೆಯ ಗರಗ ಊರಿನ ಇವರು ಆಸ್ಟ್ರೇಲಿಯದವರ ಸಾಲಿಗೆ ಸೇರಿ, ಬಿಳಿ ಕೋಟು ತೊಟ್ಟು ಗೋಲ್ ಅಂಪೈರ್ ಆದರು. ನಾನು ಮೊದಲು ಕಂಡದ್ದು ಆ ಭಾನುವಾರವನ್ನೇ.

ಮಗಳು ಅನಘಾಗೆ ಆಗ ಹತ್ತು ವರ್ಷ. ಅವಳಿಗೆ ಒದೆಯಲು ಕಲಿಸಿದ್ದು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ. "ಒದಿಯೂದು ಆಮ್ಯಾಲೆ. ಮೊದಲ ಕೈಯಿಂದ ಬಿಡೂದು ಕಲಿ. ಒಗೀಬಾರದು, ಬಿಡಬೇಕು. ಬಿಡು!" ಎಂದು ಇವರು ಕೂಗುತ್ತಿದ್ದದ್ದು ಅಡುಗೆಮನೆಗೆ ಕೇಳುತ್ತಿತ್ತು. ಅವಳ ಹಿಂದೆ ಬೇರೆ ಹುಡುಗಿಯರು ಬಂದರು, ಹೆಂಗಸರ ತಂಡವಾಯಿತು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಅಪ್ಪ ಮಗಳ ನಡುವೆ ಆ ಚೆಂಡೇ ಭಾಷೆ.

ಅವಳು ಹೈಸ್ಕೂಲಿಗೆ ಸೇರಿದ ವರ್ಷ ಒಂದು ಬುಧವಾರ ಇವರು ಆಫೀಸಿನಿಂದ ಮನೆಗೆ ಬರಲಿಲ್ಲ. ಹೃದಯ ನಿಂತಿತ್ತು. ಬೆಳಿಗ್ಗೆ ತಿಂದು ಉಳಿಸಿದ ಅರ್ಧ ರೊಟ್ಟಿ ಡಬ್ಬಿಯಲ್ಲೇ ಇತ್ತು. ಅಸ್ಥಿಯ ಒಂದು ಪಾಲನ್ನು ಗ್ಯಾಲ್ವೆಸ್ಟನ್ನಿನ ಕಡಲಿಗೆ ಬಿಟ್ಟೆವು, ಇನ್ನೊಂದನ್ನು ಅತ್ತೆ ಮಲಪ್ರಭೆಗೆ ಬಿಟ್ಟರು. ಒಬ್ಬ ಮನುಷ್ಯನನ್ನು ಎರಡು ನೀರಿಗೆ ಹಂಚಿದ ಮೇಲೆ ಅವನನ್ನು ಎಲ್ಲಿ ಹುಡುಕಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನನಗೆ ಆಸ್ಟಿನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಶಿಫ್ಟ್ ಆದೆವು. ಅಲ್ಲಿಂದ ಟೇಲರ್ ಎಂಬ ಊರಿನ ಕಡೆಗೆ ಡ್ರೈವ್ ಮಾಡಿದರೆ ಎರಡೂ ಬದಿ ಎರಿಹೊಲ, ಥೇಟ್ ನಮ್ಮ ಕಡೆಯದೇ ಕರಿಮಣ್ಣು. ಅದರಲ್ಲಿ ಜೋಳವನ್ನೂ ಬೆಳೆಯುತ್ತಾರೆ. "ಮೈಲೋ" ಅನ್ನುತ್ತಾರೆ, ದನಕ್ಕೆ ಹಾಕುತ್ತಾರೆ. ಬೇಸಿಗೆಯಲ್ಲಿ ಆ ಮಣ್ಣು ಬಿರಿದು ಗೋಡೆ ಸೀಳುತ್ತದೆಂದು ಜನ ಮನೆಯ ಬುನಾದಿಗೆ ಪೈಪು ಹಚ್ಚಿ ನೀರು ಉಣಿಸುತ್ತಾರೆ. ಧಾರವಾಡದಲ್ಲಿ ಅಂಗಳದ ತುಳಸಿಗೆ ನೀರು ಹಾಕುತ್ತಿದ್ದವಳು ಇಲ್ಲಿ ಗೋಡೆಗೆ ನೀರು ಹಾಕುತ್ತ ನಿಂತಾಗ, ಈ ಮಣ್ಣನ್ನು ನೋಡಿ ಇವರು ಏನೆನ್ನುತ್ತಿದ್ದರು ಎಂದು ಕೇಳಿಕೊಂಡು ಅತ್ತದ್ದುಂಟು.

ಅನಘಾ ಆಸ್ಟಿನ್ ತಂಡ ಸೇರಿ, ಕಾಲೇಜಿಗೆ ಕಾಲಿಟ್ಟ ವರ್ಷ ಕೆವಿನ್ ಫೋನು ಬಂತು. ತವರಿನ ಭಾನುವಾರದ ಹೆಂಗಸರ ಪಂದ್ಯಗಳಿಗೆ ಈವರೆಗೆ ಮೆಡಲ್ ಇರಲಿಲ್ಲ. ಈ ವರ್ಷದಿಂದ ಎಲ್ಲರಿಗಿಂತ ಚೆನ್ನಾಗಿ ಆಡಿದವಳಿಗೆ ಇವರ ಹೆಸರಿನ ಗರಗ ಮೆಡಲ್. ಹೆಸರು ಯಾರದೋ ಅವರ ಮನೆಯವರೇ ಅದನ್ನು ಕೊರಳಿಗೆ ಹಾಕಬೇಕು, ಅದು ನಮ್ಮ ಕ್ಲಬ್ಬಿನ ಪದ್ಧತಿ ಎಂದ.

ಅತ್ತೆಗೆ ಹೇಳಿದೆ. ಫೋನಿನಲ್ಲೇ ಕೇಳಿದರು.

"ನೀ ಮುಂದ ನಿಂತು ಹಾಕೂದೇನವಾ? ಶುಭಕಾರ್ಯ ಅದು. ಬ್ಯಾರೆ ಯಾರರೆ ಮುತ್ತೈದಿ ಕಡೆ ಹಾಕಸ್ಲಿ."

ಅವರ ಮೇಲೆ ಸಿಟ್ಟು ಮಾಡುವಂತಿಲ್ಲ. ಅವರು ಕಂಡ ಲೋಕದಲ್ಲಿ ಗಂಡ ಸತ್ತವಳು ಮದುವೆ ಮುಂಜಿಯಲ್ಲಿ ಕಂಬದ ಹಿಂದೆ ನಿಲ್ಲುತ್ತಾಳೆ. ಇಲ್ಲಿ ಗಂಡ ಸತ್ತದ್ದಕ್ಕೇ ನನ್ನನ್ನು ಮುಂದೆ ಕರೆಯುತ್ತಿದ್ದರು. ಎರಡೂ ನನಗೆ ಬೇಡವಾಗಿತ್ತು. ಹ್ಯೂಸ್ಟನ್ನಿನ ಆ ಮೈದಾನದಲ್ಲಿ ಮತ್ತೆ ಕಾಲಿಡುವ ಧೈರ್ಯವೇ ನನಗಿರಲಿಲ್ಲ.

ಅನಘಾ ಮಾತ್ರ ಕುಣಿದಳು. ಕಲಿತ ಊರು ಹ್ಯೂಸ್ಟನ್, ಹಾಗಾಗಿ ಆ ದಿನ ಅಪ್ಪನ ತಂಡದ ಬಣ್ಣ ಅವಳ ಮೈಮೇಲೆ. "ಅಮ್ಮಾ, ಐ ಆಮ್ ಗೋಯಿಂಗ್ ಟು ವಿನ್ ಇಟ್," ಎಂದಳು. "ಯು ವಿಲ್ ಪುಟ್ ಇಟ್ ಆನ್ ಮಿ." ಅವಳಿಗೆ ಆ ಮೆಡಲ್ ಬೇಕಿತ್ತು. ಬಾಯಿಬಿಟ್ಟು ಹೇಳದಿದ್ದರೂ ನನಗೂ ಬೇಕಿತ್ತು. ಅವಳು ಗೆದ್ದರೆ ಅವರ ಹೆಸರು ನಮ್ಮ ಕಾರಿನಲ್ಲೇ ಮನೆಗೆ ಬರುತ್ತದೆ. ಆ ಆಸೆಯೊಂದರಿಂದಲೇ ನಾನು ಹೊರಟೆ.

ಮೈದಾನಕ್ಕೆ ಹೋದಾಗ ಬಿಳಿ ಕೋಟಿನವರು ಬೆನ್ನು ತೋರಿಸಿ ನಿಂತಿದ್ದರು. ಅವರ ಕಡೆಗೇ ನಾಲ್ಕು ಹೆಜ್ಜೆ ಇಟ್ಟೆ. ತಿರುಗಿದಾಗ ಯಾರೋ ಹುಡುಗ, ಇವರದೇ ಕೋಟು, ತೋಳು ಉದ್ದವಾಗಿ ಮಡಚಿಕೊಂಡಿದ್ದ.

ಕೊನೆಯ ಪಂದ್ಯ ಡಲ್ಲಸ್ ಮೇಲೆ. ಅನಘಾ ಜೀವ ಬಿಟ್ಟು ಆಡಿದಳು. ಮುಗಿಯುವ ಹೊತ್ತಿಗೆ ಹ್ಯೂಸ್ಟನ್ ಐದು ಅಂಕ ಹಿಂದೆ, ಚೆಂಡು ಅವಳ ಕೈಯಲ್ಲಿ. ಒಂದು ಗೋಲಾದರೆ ಗೆಲುವು. ಒದ್ದಳು. ಆ ಹುಡುಗ ಒಂದೇ ಬೆರಳು ತೋರಿಸಿ ಒಂದೇ ಬಾವುಟ ಬೀಸಿದ. ತಪ್ಪಿದ್ದಕ್ಕೂ ಕೊಡುವ ಆ ಒಂದು ಅಂಕದ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಇನ್ಯಾವತ್ತೂ ಬಂದಿಲ್ಲ.

ಮೆಡಲ್ ಡಲ್ಲಸ್ಸಿನ ಮೇರಿಬೆತ್‌ಗೆ ಹೋಯಿತು, ಸೌತ್‌ಲೇಕ್‌ನಲ್ಲಿ ಪಿ.ಟಿ. ಟೀಚರ್ ಅಂತೆ. ಮೊಣಕಾಲಿನ ತುಂಬ ಮಣ್ಣು ಮೆತ್ತಿಕೊಂಡು ಬಂದು ನನ್ನೆದುರು ತಲೆ ಬಗ್ಗಿಸಿದಳು. ರಿಬ್ಬನ್ ಅವಳ ಕೊರಳಿಗೆ ಹಾಕಿದೆ. ಆದರೆ ಮೆಡಲ್ ನನ್ನ ಮುಷ್ಟಿಯಲ್ಲೇ ಉಳಿಯಿತು. ಬೆರಳು ಬಿಚ್ಚಲೇ ಇಲ್ಲ. ಆ ಹುಡುಗಿ ಪಾಪ, ಬಗ್ಗಿಸಿದ ತಲೆ ಎತ್ತಲಾರದೆ ಹಾಗೇ ನಿಂತಳು. ಜನ ಚಪ್ಪಾಳೆ ನಿಲ್ಲಿಸಿದರು. ಸೋತವರ ಸಾಲಿನಿಂದ ಅನಘಾ ನಡೆದು ಬಂದು ನನ್ನ ಮುಷ್ಟಿಯ ಮೇಲೆ ಕೈ ಇಟ್ಟಳು. ಅಳುತ್ತಿದ್ದಳು.

"ಅಮ್ಮಾ," ಎಂದಳು. "ಬಿಡು."

ಬಿಟ್ಟೆ.

ಆಸ್ಟಿನ್ನಿನ ದಾರಿಯಲ್ಲಿ ಅವಳು ಮುಖ ಆಚೆ ತಿರುಗಿಸಿ ಕೂತಿದ್ದಳು. ಬಹಳ ದೂರ ಬಂದ ಮೇಲೆ ನಿಯಮದ ಪ್ರಕಾರ ನಿನ್ನದು ಯಾವ ಊರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಆಡೇ ಇಲ್ಲವಲ್ಲ, ಕೂತು ನೋಡಿದವಳು ಎಂದೆ. ಧಾರವಾಡಕ್ಕೆ ಹೋದರೆ ಓಣಿಯವರು "ಯಾವಾಗ ಬಂದ್ರಿ? ಯಾವಾಗ ಹೋಗ್ತೀರಿ?" ಎಂದು ಎರಡೂ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಆಸ್ಟಿನ್ನಿನಲ್ಲಿ ಇಷ್ಟು ವರ್ಷದ ಮೇಲೂ ಎಲ್ಲಿಯವರು ಎನ್ನುತ್ತಾರೆ.

ಮರುವರ್ಷ ಕೆವಿನ್ ಮತ್ತೆ ಕರೆದ. ಮೆಡಲ್ ನಾನೇ ಹಾಕಬೇಕು, ಪ್ರತಿ ವರ್ಷವೂ. ಅಂದರೆ ಪ್ರತಿ ವರ್ಷ ಒಮ್ಮೆ ಇವರನ್ನು ಬೇರೆಯವರ ಜೊತೆ ಕಳಿಸಿಕೊಡಬೇಕು. ಜೊತೆಗೆ ಇನ್ನೊಂದು ಕೇಳಿದ: ಊರಿಲ್ಲದವರು ಅಂದು ಸುಮ್ಮನೆ ಕೂರುವಂತಿಲ್ಲ, ಕೋಟು ಹಾಕಿಕೊಳ್ಳುತ್ತೀಯಾ?

ಹಾಕಿಕೊಂಡೆ. ಅತ್ತೆಗೆ ಹೇಳಲಿಲ್ಲ. ತೋಳು ನನಗೂ ಉದ್ದವೇ.

ಆ ದಿನ ಅನಘಾ ನನ್ನ ತುದಿಗೇ ಒದ್ದಳು. ಚೆಂಡು ನಡುವಿನ ಕಂಬಗಳನ್ನು ದಾಟಿತು. ಗೋಲ್ ಅಂಪೈರ್ ಮಗಳಿಗೂ ಚಪ್ಪಾಳೆ ತಟ್ಟುವಂತಿಲ್ಲ. ಎರಡು ಬೆರಳು ಚಾಚಿದೆ, ಎರಡು ಬಾವುಟ ಎತ್ತಿ ಬೀಸಿದೆ. ಆ ತುದಿಯವನು ತಿರುಗಿ ಬೀಸಿದ. ಲೆಕ್ಕಕ್ಕೆ ಬಂತು. ಆದರೂ ಬಾವುಟ ಇಳಿಸದೆ ನಾನು ಬೌಂಡರಿಯ ಕಡೆಗೇ ನೋಡುತ್ತ ನಿಂತಿದ್ದೆ. ಅಲ್ಲಿ ನನ್ನ ಮಡಚುವ ಕುರ್ಚಿ ಇತ್ತು. ಅದರಲ್ಲಿ ಯಾರೂ ಇರಲಿಲ್ಲ.