ನಾಲ್ಕು ಬಾಲದ ಚಿಟ್ಟೆ

ಎಲಚಿ ಹಣ್ಣಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತಾ ಚೇಳೂರಿನ ಹೈಸ್ಕೂಲಿಗೆ ನಡೆದುಹೋಗುತ್ತಿದ್ದ ದಿನಗಳವು. ದಾರಿಯಲ್ಲಿ ಕಂಡ ಹುಳುಹುಪ್ಪಟೆಗೆಲ್ಲ ಗೆಳತಿ ಶಾಹೀನಾ ತನಗೆ ತೋಚಿದ ಹೆಸರಿಡುತ್ತಿದ್ದಳು. ಟೈಲರ್ ಮಗಳು, ಕಣ್ಣು ಬಲು ಚುರುಕು.

ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನ ಪ್ರದರ್ಶನಕ್ಕೆಂದು ನಾವಿಬ್ಬರೂ ಚಿಟ್ಟೆ ಪೆಟ್ಟಿಗೆ ಮಾಡಿದೆವು. ಸತ್ತು ಬಿದ್ದವನ್ನೇ ಹೆಕ್ಕಿ ತಂದು, ಅವಳಪ್ಪನ ಗುಂಡುಪಿನ್ನು ಚುಚ್ಚಿ, ನುಸಿಗುಳಿಗೆ ಇಟ್ಟಿದ್ದೆವು. ಕೊನೆಗೆ ಸಿಕ್ಕಿದ್ದು ಎಲಚಿ ಗಿಡದ ಬುಡದಲ್ಲಿದ್ದ, ಬೆಳ್ಳಿ ಗೆರೆಯ ಪುಟ್ಟ ಚಿಟ್ಟೆ. ಹಿಂದಿನ ರೆಕ್ಕೆಗಳ ತುದಿಯಲ್ಲಿ ಕೂದಲೆಳೆಯಂಥ ಬಾಲಗಳು. ಶಾಹೀನಾ ಎಣಿಸಿ, ರೆಕ್ಕೆಗೆ ಎರಡೆರಡು, ಒಟ್ಟು ನಾಲ್ಕು ಎಂದಳು.

ಶಾಲೆಯ ಚಾರ್ಟಿನಲ್ಲಿದ್ದ ಹೇರ್‌ಸ್ಟ್ರೀಕ್ ಚಿಟ್ಟೆಗೆ ಇದ್ದದ್ದು ಎರಡೇ ಬಾಲ. ಇದು ಬೇರೆ ಜಾತಿ, ಹೆಸರು ಗೊತ್ತಿಲ್ಲ ಅಂತಲೇ ಬರೆಯೋಣ ಎಂದಳು ಅವಳು. ಹೆಸರಿಲ್ಲದ ಚಿಟ್ಟೆಗೆ ಬಹುಮಾನ ಯಾರು ಕೊಡುತ್ತಾರೆ ಎಂದೆ ನಾನು. ನನಗೆ ಬಹುಮಾನದ ಹುಚ್ಚು. ಹೆಸರಿನ ಚೀಟಿ ಕತ್ತರಿಸಲೆಂದು ಅವಳೇ ಕೊಟ್ಟುಹೋಗಿದ್ದ ದಾರದ ಕತ್ತರಿಯಿಂದ, ಅವಳಿಲ್ಲದಾಗ, ಎರಡು ಬಾಲ ಕತ್ತರಿಸಿಬಿಟ್ಟೆ. ಚಾರ್ಟಿನ ಹೆಸರನ್ನು ದುಂಡಗೆ ಬರೆದು ಅಂಟಿಸಿ, ಗಾಜು ಮುಚ್ಚಿದೆ.

ತುಮಕೂರಿನಲ್ಲಿ ತೀರ್ಪುಗಾರರು ನಮ್ಮ ಮೇಜಿಗೆ ಬಂದಾಗಲೇ ಅವಳು ಆ ಚೀಟಿ ನೋಡಿದ್ದು.

“ಈ ಹೆಸ್ರು ತಪ್ಪು ಸಾರ್. ಇದಕ್ಕೆ ನಾಲ್ಕ್ ಬಾಲ ಐತೆ.”

ಅವರು ಭೂತಗನ್ನಡಿ ಹಿಡಿದು ನೋಡಿದರು. ಅವಳಿಗೂ ತೋರಿಸಿದರು. ಎರಡೇ. ಮೊದಲು ಎಣಿಸೋದು ಕಲಿಯಮ್ಮ ಎಂದು ನಕ್ಕರು. ಸುತ್ತ ನಿಂತಿದ್ದವರೂ ನಕ್ಕರು. ಶಾಹೀನಾ ನನ್ನ ಕಡೆ ತಿರುಗಿದಳು.

“ನೀನೂ ನೋಡಿದ್ದೆ ಅಲ್ವೇನೇ?”

“ನಾನ್ ಸರ್ಯಾಗಿ ನೋಡ್ಲಿಲ್ಲ ಕಣೇ.”

ನಮಗೆ ಎರಡನೇ ಬಹುಮಾನ ಬಂತು. ಆಮೇಲೂ ಅದೇ ದಾರಿಯಲ್ಲಿ ಜೊತೆಯಾಗಿ ನಡೆದೆವು, ಎಲಚಿ ತಿಂದೆವು. ಅವಳು ಮಾತ್ರ ಯಾವ ಹುಳುವಿಗೂ ಹೆಸರಿಡಲಿಲ್ಲ. ಕೇಳಿದರೆ, ಯಾವುದೋ ಒಂದು ಎನ್ನುತ್ತಿದ್ದಳು.

ಕಳೆದ ತಿಂಗಳು ಕುಣಿಗಲ್‌ನಲ್ಲಿ ಅವಳ ಹೊಲಿಗೆ ಅಂಗಡಿಗೆ ಹೋಗಿದ್ದೆ. ಫೋನಿನಲ್ಲಿ ಅದೇ ಜಾತಿಯ ಚಿಟ್ಟೆಯ ಫೋಟೋ ತೋರಿಸಿದೆ. ತಿಳಿದವರು ಇದನ್ನು ಒಂದು ಕುಲದಿಂದ ತೆಗೆದು ಇನ್ನೊಂದಕ್ಕೆ ಸೇರಿಸಿದ್ದಾರೆ, ಎಷ್ಟೋ ಕಾಲ ಇದ್ದ ಹೆಸರನ್ನೇ ತಿದ್ದಿದ್ದಾರೆ ಎಂದು ಏನೇನೋ ಹೇಳಿದೆ. ಅವಳು ಬೆರಳಲ್ಲಿ ಹಿಗ್ಗಿಸಿ, ಮೆಲ್ಲಗೆ ಎಣಿಸಿದಳು.

“ನಾಲ್ಕೇ ಐತಲ್ಲೇ. ಹಂಗಾದ್ರೆ ಅವತ್ತು ನಾನ್ ತಪ್ಪೆಣಿಸಿರ್ಲಿಲ್ಲ.”

ಇಷ್ಟು ವರ್ಷ ಅವಳು ಅನುಮಾನಿಸಿದ್ದು ತನ್ನ ಕಣ್ಣನ್ನು, ನನ್ನನ್ನಲ್ಲ. ಇಲ್ಲ ಕಣೇ, ನೀನು ಸರಿಯಾಗಿಯೇ ಎಣಿಸಿದ್ದೆ ಎಂದೆ. ಅವಳ ಮುಖ ಅರಳಿತು. ಮಿಷಿನ್ ಪಕ್ಕದಲ್ಲಿ ಅಂಥದ್ದೇ ದಾರದ ಕತ್ತರಿಯಿತ್ತು. ಉಳಿದದ್ದನ್ನು ಅಲ್ಲೇ ಹೇಳಬಹುದಿತ್ತು. ಅವಳು ತರಿಸಿದ ಟೀ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.